ಬೇಡವೆನ್ನುವ ವಿದ್ಯೆ

ಚಿಕ್ಕಜಾಜೂರಿನ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ರೈಲಿನ ಕಿಟಕಿಯಿಂದ ಮಾತ್ರ ಓದಿರಬಹುದು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ, ದಾವಣಗೆರೆಗೆ ಮುಂಚೆ, ಚಿತ್ರದುರ್ಗದ ಕವಲುದಾರಿ ಬೇರೆಯಾಗತಕ್ಕ ಜಂಕ್ಷನ್ನು ಇದು. ಹೊಳಲ್ಕೆರೆ ತಾಲ್ಲೂಕಿಗೆ ಸೇರಿದ ಊರು. ಸುತ್ತಲೂ ಅಡಕೆ ತೆಂಗಿನ ತೋಟಗಳು, ಮೆಕ್ಕೆಜೋಳದ ಹೊಲಗಳು. ನಾವು ಹುಟ್ಟಿದುದು ಇಲ್ಲಿ. ಮೂವತ್ತನಾಲ್ಕು ವರುಷ ನಮ್ಮ ಜಿಲ್ಲೆಯ ಕಾಲೇಜೊಂದರಲ್ಲಿ ಹುಡುಗ ಹುಡುಗಿಯರನ್ನು ಓಡಿಸಿ, ಹಾರಿಸಿ, ಗುಂಡು ಎಸೆಯಿಸಿ, ೨೦೧೮ರಲ್ಲಿ ನಿವೃತ್ತರಾಗಿ ಮರಳಿ ಬಂದು ನೆಲೆಸಿರುವುದೂ ಇಲ್ಲಿಯೇ. ಸರ್ಕಾರದ ಕಾಗದಗಳಲ್ಲಿ ನಮಗೆ ದೈಹಿಕ ಶಿಕ್ಷಣ ನಿರ್ದೇಶಕರೆಂಬ ದೊಡ್ಡ ಹೆಸರಿದ್ದಿತು. ಊರವರ ಬಾಯಲ್ಲಿ ಮಾತ್ರ ನಾವು ಅಂದಿಗೂ ಇಂದಿಗೂ ಡ್ರಿಲ್ ಮೇಷ್ಟ್ರೇ.

ನಮ್ಮ ಮನೆಯಾಕೆ ಆಗಾಗ್ಗೆ ಹಾಸ್ಯ ಮಾಡುವುದುಂಟು: “ಓಡಿದವರು ಮಕ್ಕಳು, ಬೆವೆತವರು ಮಕ್ಕಳು, ಸಂಬಳ ಮಾತ್ರ ನಿಂತುಕೊಂಡವರಿಗೆ.” ಈ ಮಾತಿಗೆ ನಾವು ಬಹುಕಾಲ ಉತ್ತರ ಹುಡುಕುತ್ತಿದ್ದೆವು. ಮೈದಾನದ ಅಂಚಿನಲ್ಲಿ ಸೀಟಿ ಹಿಡಿದು ನಿಂತವನ ಕೆಲಸವಾದರೂ ಏನು? ಓಡುವ ಶಕ್ತಿ ಹುಡುಗನದು, ಆಸೆ ಹುಡುಗನದು, ಗೆದ್ದರೆ ಪದಕವೂ ಹುಡುಗನದೇ. ಹಾಗಾದರೆ ಮೇಷ್ಟ್ರು ಯಾತಕ್ಕೆ? ಉತ್ತರವು ನಮಗೆ ದೊರೆಯಿತು. ಆದರೆ ಅದನ್ನು ಪುಸ್ತಕದಿಂದ ಕಲಿಯಲಿಲ್ಲ, ಒಬ್ಬ ಹುಡುಗನಿಗೆ ನಷ್ಟಮಾಡಿ ಕಲಿತೆವು. ಆ ಸಂಗತಿಯನ್ನು ಬರೆಯಬೇಕೆಂದೇ ಈ ಲೇಖನಿಯನ್ನು ಹಿಡಿದಿದ್ದೇವೆ. ಮನೆಯಲ್ಲಿ ಓಡುವ ಮಕ್ಕಳಿರುವ ತಾಯಿತಂದೆಗಳಿಗೆ ಇದರಿಂದ ಸ್ವಲ್ಪ ಪ್ರಯೋಜನವಾದೀತೆಂದು ನಂಬಿದ್ದೇವೆ.

ಮೊದಲು ನಮ್ಮ ಕಸುಬಿನ ವಿಚಾರವಾಗಿ ಎರಡು ಮಾತು ಹೇಳುವುದು ಯುಕ್ತ. ನಾವು ಕೆಲಸಕ್ಕೆ ಸೇರಿದ ೧೯೮೪ರಲ್ಲಿ ನಮ್ಮ ಕಾಲೇಜು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದಿತು. ೧೯೮೭ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಹುಟ್ಟಲಾಗಿ ಅದರ ಕೈಕೆಳಗೆ ಬಂದೆವು. ೨೦೦೯ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವಾದ ಮೇಲೆ ಅದಕ್ಕೆ ಸೇರಿದೆವು. ಹೀಗೆ ಕಾಲೇಜು ತಾನಿದ್ದ ಸ್ಥಳದಿಂದ ಒಂದಂಗುಲವೂ ಕದಲದೆ ಮೂರು ವಿಶ್ವವಿದ್ಯಾನಿಲಯಗಳನ್ನು ಕಂಡಿತು. ಮೈದಾನವು ಮಾತ್ರ ಒಂದೇ ರೀತಿಯಾಗಿದ್ದಿತು: ಮಳೆಗಾಲದಲ್ಲಿ ಕೆಸರು, ಬೇಸಗೆಯಲ್ಲಿ ಕಲ್ಲು, ಒಂದು ಮೂಲೆಯಲ್ಲಿ ಎಮ್ಮೆಗಳು, ಇನ್ನೊಂದು ಮೂಲೆಯಲ್ಲಿ ಕ್ರಿಕೆಟ್ಟಿನ ಹುಡುಗರು.

ಪ್ರತಿವರುಷವೂ ಕ್ರೀಡಾಕೂಟದ ಮುಂಚೆ ಆ ಮೈದಾನದಲ್ಲಿ ಓಟದ ಪಥವನ್ನು ಬರೆಯತಕ್ಕದ್ದು ನಮ್ಮ ಕೆಲಸ. ಗೂಟ, ಹುರಿ, ಟೇಪು, ಒಂದೆರಡು ಮೂಟೆ ಸುಣ್ಣದ ಪುಡಿ, ಜೊತೆಗೆ ಇಬ್ಬರು ಹುಡುಗರು: ಇಷ್ಟೇ ನಮ್ಮ ಸಲಕರಣೆ. ೪೦೦ ಮೀಟರಿನ ಪೂರ್ಣ ಪಥವೆಂದರೆ ೮೪.೩೯ ಮೀಟರಿನ ಎರಡು ನೇರ ಗೆರೆಗಳೂ ೩೬.೫೦ ಮೀಟರು ತ್ರಿಜ್ಯದ ಎರಡು ಅರ್ಧವರ್ತುಲಗಳೂ ಕೂಡಿದುದು. ಒಬ್ಬೊಬ್ಬ ಓಟಗಾರನ ಪಟ್ಟಿಯ ಅಗಲ ೧.೨೨ ಮೀಟರು. ನಮ್ಮ ಮೈದಾನದಲ್ಲಿ ಇಷ್ಟು ಸ್ಥಳವಿಲ್ಲದ ಕಾರಣ ೨೦೦ ಮೀಟರಿನ ಸುತ್ತನ್ನೇ ಬರೆದು ಎರಡು ಬಾರಿ ಓಡಿಸುತ್ತಿದ್ದೆವು. ನಮ್ಮ ಹುಡುಗರು ದೊಡ್ಡ ಕೂಟಗಳಿಗೆ ಹೋದಾಗ, “ಮೇಷ್ಟ್ರೇ, ಇಲ್ಲಿ ತಿರುವೇ ಬರುವುದಿಲ್ಲವಲ್ಲ!” ಎಂದು ಆಶ್ಚರ್ಯಪಡುತ್ತಿದ್ದರು.

ಒಮ್ಮೆ ಕೂಟವನ್ನು ನೋಡಲು ಬಂದಿದ್ದ ಒಬ್ಬ ಹುಡುಗನ ತಾಯಿಯವರು ನಮ್ಮ ಬಳಿಗೆ ಬಂದು ಕೋಪದಿಂದಲೇ ಕೇಳಿದರು: “ಇದೇನು ಸ್ವಾಮಿ ಅನ್ಯಾಯ? ನನ್ನ ಮಗನನ್ನು ಎಲ್ಲರಿಗಿಂತ ಹಿಂದೆ ನಿಲ್ಲಿಸಿದ್ದೀರಿ, ಆ ಕಡೆಯ ಹುಡುಗನನ್ನು ಅಷ್ಟು ಮುಂದೆ ನಿಲ್ಲಿಸಿದ್ದೀರಿ!” ಒಳಸುತ್ತಿಗಿಂತ ಹೊರಸುತ್ತು ದೊಡ್ಡದು, ಆದುದರಿಂದ ೪೦೦ ಮೀಟರಿನ ಓಟದಲ್ಲಿ ಎರಡನೆಯ ಪಟ್ಟಿಯವನು ಮೊದಲನೆಯವನಿಗಿಂತ ೭.೦೪ ಮೀಟರು ಮುಂದೆ ನಿಂತರೇ ಇಬ್ಬರಿಗೂ ದೂರ ಸಮನಾಗುವುದು. ಅವನಿಂದಾಚೆಗೆ ಒಬ್ಬೊಬ್ಬನೂ ಇನ್ನೂ ಸುಮಾರು ೭.೬೬ ಮೀಟರು ಮುಂದೆ ನಿಲ್ಲಬೇಕು. ಇದನ್ನು ಆ ತಾಯಿಗೆ ಮನೆಯ ಅಂಗಳದ ರಂಗೋಲಿಯ ಉಪಮಾನದಿಂದ ತಿಳಿಯ ಹೇಳಿದೆವು. ಆಕೆ ಸಮಾಧಾನಗೊಂಡು, “ಹಾಗಾದರೆ ಮುಂದೆ ನಿಂತವರೆಲ್ಲ ಮುಂದಿರುವವರಲ್ಲ ಅನ್ನಿ” ಎಂದರು. ಎಷ್ಟೋ ಉಪನ್ಯಾಸಗಳಲ್ಲಿ ನಾವು ಕೇಳದ ಮಾತು ಅದು.

ಈ ವಿದ್ಯೆಯನ್ನು ನಾವು ಕಲಿತುದು ಮದರಾಸಿನ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜಿನಲ್ಲಿ. ೧೯೨೦ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದ ಮಹನೀಯರು ಅದನ್ನು ಸ್ಥಾಪಿಸಿದರು. ೧೯೨೪ರಲ್ಲಿ ಪ್ಯಾರಿಸ್ಸಿನ ಒಲಿಂಪಿಕ್ಸಿಗೆ ಭಾರತದ ತಂಡವನ್ನು ಕರೆದುಕೊಂಡು ಹೋದವರೂ ಅವರೇ. ಅಲ್ಲಿ ನಮ್ಮ ವೃದ್ಧ ಅಧ್ಯಾಪಕರೊಬ್ಬರು ಹೇಳಿದ ಒಂದು ಕಥೆಯನ್ನು ನಾವು ಮೂವತ್ತನಾಲ್ಕು ವರುಷವೂ ನಮ್ಮ ಹುಡುಗರಿಗೆ ತಪ್ಪದೆ ಹೇಳುತ್ತಿದ್ದೆವು.

ಅದು ಹೆನ್ರಿ ರೆಬೆಲ್ಲೋ ಅವರ ಕಥೆ. ೧೯೪೮ರಲ್ಲಿ ಬೆಂಗಳೂರಿನಲ್ಲಿ ತ್ರಿವಿಧ ಜಿಗಿತದಲ್ಲಿ ಐವತ್ತು ಅಡಿಗೂ ಮಿಗಿಲಾಗಿ ಹಾರಿ ದೇಶವನ್ನೆಲ್ಲ ಬೆರಗುಗೊಳಿಸಿದ್ದ ತರುಣರು ಅವರು. ಆಗ ಅವರಿಗೆ ವಯಸ್ಸು ಹತ್ತೊಂಬತ್ತು. ಅದೇ ವರುಷ ಲಂಡನ್ನಿನ ಒಲಿಂಪಿಕ್ಸಿನಲ್ಲಿ ಅವರು ಅಂತಿಮ ಸುತ್ತಿಗೆ ಬಂದರು. ಪದಕವು ಬಂದೀತೆಂದು ಬಲ್ಲವರು ನಂಬಿದ್ದರು. ಹಾರಲು ಸಿದ್ಧರಾಗಿ ನಿಂತಾಗ, ಬೇರೊಂದು ಸ್ಪರ್ಧೆಯ ಬಹುಮಾನ ಸಮಾರಂಭಕ್ಕಾಗಿ ಅವರನ್ನು ತಡೆದರಂತೆ. ಚಳಿಗಾಳಿಯಲ್ಲಿ ಕಾದರು. ಕಾಯಿಸಿದ ಮೈ ತಣ್ಣಗಾಯಿತು. ಅನುಮತಿ ದೊರೆತೊಡನೆಯೇ ಓಡಿ ನೆಗೆದರು. ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಅಲ್ಲಿಗೆ ಅವರ ಒಲಿಂಪಿಕ್ಸು ಮುಗಿಯಿತು. ಆ ದಿನ ಚಿನ್ನವನ್ನು ಗೆದ್ದ ಸ್ವೀಡನ್ನಿನ ಆರ್ನೆ ಓಮನ್ ಹಾರಿದುದು ೧೫.೪೦ ಮೀಟರು, ಎಂದರೆ ಐವತ್ತೂವರೆ ಅಡಿ. ನಮ್ಮ ರೆಬೆಲ್ಲೋ ಬೆಂಗಳೂರಿನಲ್ಲಿ ಹಾರಿದ್ದುದಕ್ಕೂ ಅದಕ್ಕೂ ಇದ್ದ ಅಂತರವು ಅಂಗುಲಗಳಲ್ಲಿ ಅಳೆಯತಕ್ಕದ್ದಷ್ಟೆ.

“ಆದುದರಿಂದ ಮಕ್ಕಳೇ, ಮೈ ಕಾಯಿಸದೆ ಓಡಬೇಡಿ, ಕಾದ ಮೈಯನ್ನು ತಣಿಯಗೊಡಬೇಡಿ, ನೋವಿದ್ದರೆ ಮುಚ್ಚಿಡಬೇಡಿ” ಎಂದು ನಾವು ಪ್ರತಿ ಜೂನ್ ತಿಂಗಳಿನಲ್ಲೂ ಹೇಳುತ್ತಿದ್ದೆವು. ಹುಡುಗರು ತಲೆಯಾಡಿಸುತ್ತಿದ್ದರು. ಆ ಕಥೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ನಾವೇ ಎಂಬ ಹೆಮ್ಮೆಯೂ ನಮ್ಮಲ್ಲಿದ್ದಿತು.

೧೯೯೩ರಲ್ಲಿ ನಮ್ಮ ಊರಿನ ಸಮೀಪದ ಹಳ್ಳಿಯಿಂದ ಒಬ್ಬ ಹುಡುಗ ಬಿ.ಎ. ತರಗತಿಗೆ ಬಂದು ಸೇರಿದ. ಹೆಸರು ಬೇಡ, ಅವನು ಈಗಲೂ ನಮ್ಮ ನಡುವೆ ಇದ್ದಾನೆ. ಅವನ ತಾಯಿ ಅಡಕೆ ಸುಲಿಯುವ ಕೂಲಿಗೆ ಹೋಗುತ್ತಿದ್ದಳು. ತಂದೆಗೆ ಚೂರು ತೋಟ. ಬೆಳಗಿನ ಗಾಡಿಗೆ ತಡವಾದರೆ ಹಳ್ಳಿಯಿಂದ ಸ್ಟೇಷನ್ನಿನವರೆಗೆ ಚೀಲವನ್ನು ಬೆನ್ನಿಗೇರಿಸಿಕೊಂಡು ಓಡಿ ಬರುವುದು ಅವನ ಅಭ್ಯಾಸ. ಅವನನ್ನು ನಾವು ಮೊದಲು ಕಂಡುದೂ ಹಾಗೆಯೇ. ರಜೆಗೆ ಊರಿಗೆ ಬಂದು ಪ್ಲಾಟ್‌ಫಾರಂ ಮೇಲೆ ನಿಂತಿದ್ದೆವು, ಗಾಡಿ ಕದಲಿತ್ತು, ಹುಡುಗನೊಬ್ಬ ಹೊಲದ ಬದುವಿನ ಮೇಲೆ ಓಡುತ್ತ ಬಂದು, ಚಲಿಸುವ ಗಾಡಿಯನ್ನು ಹತ್ತದೆ ನಿಂತುಬಿಟ್ಟ. ಏದುಸಿರೇ ಇರಲಿಲ್ಲ. ಏಕೆ ಹತ್ತಲಿಲ್ಲವೆಂದು ಕೇಳಿದೆವು. “ಅವ್ವ ಬ್ಯಾಡ ಅಂದೈತೆ ಸಾ, ಹೋಗೋ ಗಾಡಿ ಹತ್ತಬ್ಯಾಡ ಅಂತ” ಎಂದ. ಆ ತಾಯಿಯು ಬಲ್ಲ ವಿದ್ಯೆ ನಮಗೆ ಅಂದು ತಿಳಿದಿರಲಿಲ್ಲ.

ಅವನಿಗೆ ೪೦೦ ಮೀಟರಿನ ಓಟವನ್ನು ಕಲಿಸಿದೆವು. ಇದು ಓಟಗಳಲ್ಲೆಲ್ಲ ನಿರ್ದಯವಾದುದು. ಮೊದಲ ಮುನ್ನೂರು ಮೀಟರು ಕಾಲಿನಿಂದ ಓಡುವುದು, ಕಡೆಯ ನೂರು ಮೀಟರು ಮನಸ್ಸಿನಿಂದ ಓಡುವುದು. ಮೂರು ವರುಷಗಳಲ್ಲಿ ಅವನು ಮಣ್ಣಿನ ಪಥದಲ್ಲಿ, ನಮ್ಮ ಕೈಗಡಿಯಾರದ ಲೆಕ್ಕದಲ್ಲಿ, ಐವತ್ತು ಸೆಕೆಂಡಿನ ಒಳಗೆ ಬಂದ. ವಿಶ್ವವಿದ್ಯಾನಿಲಯದ ತಂಡಕ್ಕೆ ಸೇರಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಕೂಟಕ್ಕೆ ಹೋಗುವ ಯೋಗ್ಯತೆಯುಳ್ಳವನೆಂದು ಎಲ್ಲರೂ ಒಪ್ಪಿದ್ದರು. ಹಾಗೆ ಹೋಗಿಬಂದವರಿಗೆ ರೈಲ್ವೆಯಲ್ಲಿಯೋ ಪೊಲೀಸಿನಲ್ಲಿಯೋ ಕ್ರೀಡಾಪಟುಗಳ ಪಾಲಿನಿಂದ ಕೆಲಸ ಸಿಗುವುದುಂಟು. ಬಡವರ ಮನೆಗೆ ಅದು ಸಣ್ಣ ಮಾತಲ್ಲ.

೧೯೯೬ರ ಅಂತರ ಕಾಲೇಜು ಕೂಟದ ಕಡೆಯ ದಿನ. ನಮ್ಮ ಕಾಲೇಜು ಅದುವರೆಗೆ ಒಮ್ಮೆಯೂ ಗೆಲ್ಲದ ಸಮಗ್ರ ಪ್ರಶಸ್ತಿಯ ಫಲಕವು ಅಂದು ಕೈಗೆಟುಕುವ ಹಾಗಿದ್ದಿತು. ಮೂರೇ ಅಂಕಗಳ ಅಂತರ. ಉಳಿದದ್ದು ಒಂದೇ ಸ್ಪರ್ಧೆ, ನಾಲ್ಕು ಜನರ ೪೦೦ ಮೀಟರಿನ ರಿಲೇ. ನಮ್ಮ ಹುಡುಗ ಆ ಬೆಳಿಗ್ಗೆಯೇ ೪೦೦ ಮೀಟರನ್ನು ಗೆದ್ದಿದ್ದ, ಮಧ್ಯಾಹ್ನ ೨೦೦ ಮೀಟರಿನಲ್ಲಿ ಎರಡನೆಯವನಾಗಿದ್ದ. ಅದು ಮುಗಿಯುತ್ತಲೇ ನಮ್ಮ ಬಳಿಗೆ ಬಂದು ಮೆಲ್ಲನೆ ಹೇಳಿದ: “ತೊಡಿ ಹಿಂದ್ಗಡೆ ಯಾಕೋ ಹಿಡ್ಕಂಡಂಗೈತೆ ಸಾ.”

ವಾಚಕರೇ, ಈ ಮಾತನ್ನು ನಾವು ಕೇಳಲಿಲ್ಲವೆಂದು ಹೇಳಲಾರೆವು. ಕೇಳಿದೆವು. ಕೈಯಿಟ್ಟು ನೋಡಿದೆವು. ಒಂದು ಕಡೆ ಸ್ನಾಯು ಹುರಿಯಂತೆ ಗಂಟುಕಟ್ಟಿತ್ತು. ನೋವಿನ ಮುಲಾಮನ್ನು ತಿಕ್ಕಿ, ಬೆನ್ನು ತಟ್ಟಿ, “ಇನ್ನೊಂದೇ ಸುತ್ತಲ್ಲವೇನಪ್ಪ, ಆಮೇಲೆ ಒಂದು ತಿಂಗಳು ಮಲಗಿಕೋ” ಎಂದೆವು. ಅವನು ನಕ್ಕು ಹೂಂ ಎಂದ. ಅಷ್ಟರಲ್ಲಿ ತುಂತುರು ಮಳೆ ಬಂದು ಸ್ಪರ್ಧೆಯು ಮುಕ್ಕಾಲು ಗಂಟೆ ಹಿಂದಕ್ಕೆ ಹೋಯಿತು. ಹುಡುಗರು ಶಾಮಿಯಾನದ ಕೆಳಗೆ ಒದ್ದೆ ಅಂಗಿಯಲ್ಲಿಯೇ ಕುಳಿತಿದ್ದರು. ನಾವು ಅಂಕಗಳ ಪಟ್ಟಿಯನ್ನು ಹಿಡಿದು ಕೂಡುತ್ತ ಕಳೆಯುತ್ತ ಇದ್ದೆವು. ರೆಬೆಲ್ಲೋ ಅವರ ಕಥೆಯನ್ನು ಹನ್ನೆರಡು ವರುಷ ಹೇಳಿದ ನಮಗೆ ಆ ಮುಕ್ಕಾಲು ಗಂಟೆಯಲ್ಲಿ ಅದು ಒಮ್ಮೆಯೂ ನೆನಪಿಗೆ ಬರಲಿಲ್ಲ.

ಅವನದು ಮೂರನೆಯ ಸರದಿ. ಕೋಲನ್ನು ಹಿಡಿದು ಮೊದಲ ತಿರುವನ್ನು ದಾಟಿ ಇಬ್ಬರನ್ನು ಹಿಂದೆ ಹಾಕಿದ. ಆಚೆಯ ನೇರದಲ್ಲಿ ಇದ್ದಕ್ಕಿದ್ದಂತೆ ಯಾರೋ ಕಲ್ಲಿನಿಂದ ಹೊಡೆದವರಂತೆ ಕೈಯನ್ನು ತೊಡೆಯ ಹಿಂದಕ್ಕೆ ಒಯ್ದು ಮುಗ್ಗರಿಸಿ ಬಿದ್ದ. ಬಿದ್ದವನು ಎದ್ದ. ಒಂದೇ ಕಾಲಿನ ಮೇಲೆ ಕುಂಟುತ್ತ, ಉಳಿದ ದೂರವನ್ನೆಲ್ಲ ನಡೆದು ಬಂದು, ಕಾಯುತ್ತಿದ್ದ ನಾಲ್ಕನೆಯ ಹುಡುಗನ ಕೈಯಲ್ಲಿ ಕೋಲನ್ನಿಟ್ಟ. ಜನರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಸದ್ದು ನಮಗೆ ಈಗಲೂ ಕೇಳಿಸುತ್ತದೆ. ಆದರೆ ಸಂತೋಷವಾಗಿ ಅಲ್ಲ.

ಇಷ್ಟಕ್ಕೇ ನಿಲ್ಲಲಿಲ್ಲ ನಮ್ಮ ತಪ್ಪು. ಮರುದಿನವೇ ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸಿದೆವು, ಶಾಖ ಕೊಡಿಸಿದೆವು. ಹೊಸದಾಗಿ ಹರಿದ ಸ್ನಾಯುವನ್ನು ತಿಕ್ಕಬಾರದು, ಕಾಯಿಸಬಾರದು. ತಣ್ಣನೆಯ ಕಟ್ಟು ಹಾಕಿ, ಹದವಾಗಿ ಬಿಗಿದು, ವಿಶ್ರಾಂತಿ ಕೊಟ್ಟು, ಅನಂತರ ಮೆಲ್ಲಮೆಲ್ಲನೆ ಅದಕ್ಕೆ ಬಲ ತರಬೇಕು. ಇದನ್ನು ನಾವು ಪರೀಕ್ಷೆಯಲ್ಲಿ ಬರೆದು ತೇರ್ಗಡೆಯಾಗಿದ್ದೆವು. ಆದರೂ ತಂಡದ ಆಯ್ಕೆಯ ದಿನವು ಹತ್ತಿರವಾಗಿದ್ದುದರಿಂದ ಅವಸರಪಟ್ಟೆವು. ಮೂರು ವಾರಗಳಿಗೆ ಅವನನ್ನು ಮತ್ತೆ ಓಡಿಸಿದೆವು. ಅದೇ ಸ್ಥಳದಲ್ಲಿ ಎರಡನೆಯ ಸಲ ಹರಿಯಿತು. ಈ ಸ್ನಾಯುವಿನ ಸ್ವಭಾವವೇ ಹಾಗೆ: ವೇಗವಾಗಿ ಓಡುವಾಗ ಕಾಲನ್ನು ಮುಂದಕ್ಕೆ ಬೀಸಿ ನೆಲಕ್ಕೆ ಇಳಿಸುವ ಕ್ಷಣದಲ್ಲಿ ಅದರ ಮೇಲೆ ಬಹಳ ಸೆಳೆತ ಬೀಳುವುದು; ಪೂರ್ತಿ ವಾಸಿಯಾಗುವ ಮುನ್ನ ಓಡಿದರೆ ಮತ್ತೆ ಹರಿಯುವ ಸಂಭವ ಹೆಚ್ಚು. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಹಿರಿಯರು ತೊಡೆಯ ಸ್ನಾಯುವಿಗಾಗಿಯೇ ಮಾಡಿದರೋ ಎನ್ನಿಸುತ್ತದೆ.

ಹುಡುಗ ಆ ಮೇಲೆ ವೇಗವಾಗಿ ಓಡಲಿಲ್ಲ. ವಿಶ್ವವಿದ್ಯಾನಿಲಯದ ತಂಡವು ಅವನನ್ನು ಬಿಟ್ಟು ಹೋಯಿತು. ಬಿ.ಎ. ಮುಗಿಸಿ ಊರಿಗೆ ಹೊರಟ ದಿನ ನಮ್ಮ ಕಾಲಿಗೆ ನಮಸ್ಕರಿಸಿ ಹೋದ. ನಾವು ಆಶೀರ್ವಾದ ಮಾಡಲು ಎತ್ತಿದ ಕೈ ಭಾರವಾಗಿದ್ದಿತು.

ನಮ್ಮ ದೇಶದಲ್ಲಿ ಕ್ರೀಡೆಯ ಗುರುಗಳಿಗೆ ಕೊಡತಕ್ಕ ಹಿರಿಯ ಪ್ರಶಸ್ತಿಗೆ ದ್ರೋಣಾಚಾರ್ಯರ ಹೆಸರು. ೧೯೮೫ರಲ್ಲಿ ಅದನ್ನು ಮೊದಲು ಪಡೆದವರಲ್ಲಿ ಒಬ್ಬರು, ಪಿ.ಟಿ. ಉಷಾ ಅವರನ್ನು ತಯಾರುಮಾಡಿದ ಓ.ಎಂ. ನಂಬಿಯಾರರು. ಅದರ ಹಿಂದಿನ ವರುಷ ಲಾಸ್ ಏಂಜಲೀಸಿನಲ್ಲಿ ಅವರ ಶಿಷ್ಯೆಗೆ ೪೦೦ ಮೀಟರಿನ ಅಡೆತಡೆ ಓಟದಲ್ಲಿ ಕಂಚಿನ ಪದಕವು ಒಂದು ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ ತಪ್ಪಿದ್ದಿತು. ನಮ್ಮ ಕರ್ನಾಟಕದ ಎನ್. ಲಿಂಗಪ್ಪನವರಿಗೆ ಈ ಪ್ರಶಸ್ತಿಯು ೨೦೧೪ರಲ್ಲಿ, ವಿ.ಆರ್. ಬೀಡು ಅವರಿಗೆ ೨೦೧೮ರಲ್ಲಿ, ಜೀವಮಾನದ ಸೇವೆಗಾಗಿ ಬಂದಿತು. ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡರು ೨೦೧೨ರ ಲಂಡನ್ ಒಲಿಂಪಿಕ್ಸಿನ ಚಕ್ರ ಎಸೆತದಲ್ಲಿ ಎಂಟನೆಯವರಾಗಿ, ೨೦೧೪ರಲ್ಲಿ ಗ್ಲಾಸ್ಗೋ ನಗರದ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನವನ್ನು ಗೆದ್ದರು. ಅವರ ತಂದೆ ಶಿವೇಗೌಡರೂ ಮೇಲಾಟಗಳ ಗುರುಗಳೇ. ಇಂಥವರ ಹೆಸರು ಬೆಳಕಿಗೆ ಬಂದುದು ಸಂತೋಷದ ವಿಷಯ. ಇವರ ಹಿಂದೆ ಹಳ್ಳಿಪಟ್ಟಣಗಳ ಕಾಲೇಜುಗಳಲ್ಲಿ ಸುಣ್ಣದ ಗೆರೆ ಎಳೆದು ನಿವೃತ್ತರಾದ ನೂರಾರು ಮಂದಿಯ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಇರಬೇಕೆಂದು ನಾವು ಕೇಳುವುದೂ ಇಲ್ಲ.

ಆದರೆ ಒಂದು ಸಂಗತಿ ನಮ್ಮ ಮನಸ್ಸನ್ನು ಬಹುಕಾಲ ಕಾಡಿತು. ಕೇಂದ್ರ ಸರ್ಕಾರವು ಗುರುವಿಗೆ ದ್ರೋಣರ ಹೆಸರಿನಲ್ಲಿ ಪ್ರಶಸ್ತಿಯನ್ನು ಕೊಡುವುದು. ನಮ್ಮ ರಾಜ್ಯ ಸರ್ಕಾರವು ಆಟಗಾರರಿಗೆ ಏಕಲವ್ಯನ ಹೆಸರಿನಲ್ಲಿ ಕೊಡುವುದು. ಈ ಎರಡು ಹೆಸರುಗಳ ನಡುವೆ ಒಂದು ಹೆಬ್ಬೆರಳು ಬಿದ್ದಿದೆಯಷ್ಟೆ! ದ್ರೋಣರು ಬೆರಳನ್ನು ಕೇಳಿದರು. ಏಕಲವ್ಯನು ಮರುಮಾತಿಲ್ಲದೆ ಕೊಟ್ಟನು. ಕೊಟ್ಟವನ ಭಕ್ತಿಯನ್ನು ಲೋಕವೆಲ್ಲ ಹೊಗಳಿತು. ಕೇಳಿದವನ ರಾತ್ರಿಗಳು ಹೇಗೆ ಕಳೆದವೆಂದು ಯಾರೂ ವಿಚಾರಿಸಿದಂತೆ ಕಾಣೆವು. ನಾವು ದ್ರೋಣರಷ್ಟು ದೊಡ್ಡವರಲ್ಲ. ಆದರೂ ಒಂದು ಮರದ ಫಲಕಕ್ಕಾಗಿ ಒಬ್ಬ ಹುಡುಗನ ತೊಡೆಯನ್ನು ಕೇಳಿದವರು ನಾವು. ಅವನೂ ಮರುಮಾತಿಲ್ಲದೆ ಕೊಟ್ಟನು.

ಅಂದಿನಿಂದ ಒಂದು ನೋಟುಪುಸ್ತಕವನ್ನು ಇಟ್ಟೆವು. ಕೂಟಗಳಲ್ಲಿ ಗೆದ್ದವರ ಹೆಸರು ಕಾಲೇಜಿನ ದಾಖಲೆಯಲ್ಲಿ ಇದ್ದೇ ಇರುತ್ತದೆ. ನಾವು ಬರೆದುಕೊಂಡದ್ದು ಓಡಬೇಡವೆಂದು ಕೂರಿಸಿದವರ ಹೆಸರನ್ನು. ಯಾವ ದಿನ, ಯಾವ ಸ್ಪರ್ಧೆ, ಎಲ್ಲಿ ನೋವು, ಎಷ್ಟು ವಾರ ವಿಶ್ರಾಂತಿ, ಇಷ್ಟನ್ನೇ ಬರೆಯುತ್ತಿದ್ದೆವು. ಅಭ್ಯಾಸದ ಕ್ರಮವನ್ನೂ ಬದಲಾಯಿಸಿದೆವು. ಮೊದಲು ನಡಿಗೆ, ಅನಂತರ ಮೆಲ್ಲೋಟ, ಅನಂತರ ಕೈಕಾಲುಗಳನ್ನು ಬೀಸುವ ಸಾಧನೆ, ಆ ಮೇಲೆಯೇ ವೇಗ. ಇಪ್ಪತ್ತು ನಿಮಿಷಗಳಿಗೆ ಮುಂಚೆ ಯಾರೂ ಸ್ಪೈಕ್ಸು ಹಾಕಕೂಡದು. ಮೊಣಕಾಲೂರಿ ಕುಳಿತು, ಹಿಮ್ಮಡಿಗಳನ್ನು ಇನ್ನೊಬ್ಬರಿಂದ ಒತ್ತಿಹಿಡಿಸಿಕೊಂಡು, ಮೈಯನ್ನು ನೆಟ್ಟಗಿರಿಸಿ ಮುಂದಕ್ಕೆ ಮೆಲ್ಲನೆ ಬಾಗುವ ಒಂದು ಸಾಧನೆಯುಂಟು. ಅದನ್ನು ತಪ್ಪದೆ ಮಾಡಿದ ತಂಡಗಳಲ್ಲಿ ತೊಡೆಯ ಹಿಂಭಾಗದ ಗಾಯಗಳು ಸುಮಾರು ಅರ್ಧದಷ್ಟು ಕಡಮೆಯಾದುವೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಖರ್ಚು ಬಿಡಿಗಾಸಿಲ್ಲ, ಒಂದು ಗೋಣಿಚೀಲ ಹಾಸಿದರೆ ಸಾಕು. ಇದು ೧೯೯೬ರಲ್ಲಿ ನಮಗೆ ಗೊತ್ತಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡದ್ದುಂಟು. ಆದರೆ ಗೊತ್ತಿದ್ದುದನ್ನೇ ಮಾಡದವರು ಗೊತ್ತಿಲ್ಲದುದನ್ನು ನೆವವಾಗಿ ಹೇಳಬಾರದು.

ಬೇಡವೆನ್ನುವುದು ಸುಲಭವೆಂದು ವಾಚಕರು ತಿಳಿಯಕೂಡದು. ೨೦೦೭ರಲ್ಲಿ ಒಬ್ಬ ಹುಡುಗಿಗೆ ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ನೋವು ಕಾಣಿಸಿಕೊಂಡಿತು. ಕೂಟಕ್ಕೆ ಎರಡೇ ದಿನ ಉಳಿದಿದ್ದಿತು. ಬೇಡವೆಂದೆವು. ಹುಡುಗಿ ಅತ್ತಳು, ಅವಳ ತಂದೆಯವರು ಬಂದು, ಬೇರೆ ಯಾರಿಗೋ ಸ್ಥಳ ಕೊಡಿಸಲು ನಾವು ಹೀಗೆ ಮಾಡಿದ್ದೇವೆಂದು ಆಡಬಾರದ ಮಾತನ್ನಾಡಿದರು. ಕಾಲೇಜಿನ ಹಿರಿಯರೂ ಮುಖ ಗಂಟುಹಾಕಿಕೊಂಡರು. ಆ ವರುಷ ನಮಗೆ ಒಂದು ಪದಕವೂ ಬರಲಿಲ್ಲ. ವೈದ್ಯರು ಚಿತ್ರ ತೆಗೆಸಿ ನೋಡಲಾಗಿ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದಿತು. ಮುಂದಿನ ವರುಷ ಅವಳು ಸ್ವಸ್ಥಳಾಗಿ ಓಡಿ ವಿಶ್ವವಿದ್ಯಾನಿಲಯದ ತಂಡಕ್ಕೆ ಆಯ್ಕೆಯಾದಳು. ಈಗ ಆಕೆ ಪ್ರೌಢಶಾಲೆಯೊಂದರಲ್ಲಿ ಅಂಗಸಾಧನೆಯ ಉಪಾಧ್ಯಾಯಿನಿ. ಅವಳ ಮೇಜಿನ ಸೆಳೆಖಾನೆಯಲ್ಲಿಯೂ ಅಂಥದೊಂದು ನೋಟುಪುಸ್ತಕವಿದೆಯಂತೆ. ನಮಗೆ ಬಂದ ಪ್ರಶಸ್ತಿ ಅದೇ.

ನಿವೃತ್ತರಾಗಿ ಬಂದ ಮರುವರುಷ, ೨೦೧೯ರಲ್ಲಿ, ಒಂದು ಸಂಜೆ ನಮ್ಮ ಊರಿನ ಸ್ಟೇಷನ್ನಿನಲ್ಲಿ ಚಿತ್ರದುರ್ಗದ ಗಾಡಿಗಾಗಿ ಕಾಯುತ್ತಿದ್ದೆವು. ಒಬ್ಬಾತ ಬಂದು ಕಾಲು ಮುಟ್ಟಿ ನಮಸ್ಕರಿಸಿದ. ತಲೆ ನೆರೆಯತೊಡಗಿತ್ತು, ಆದರೂ ಆ ನಗುವನ್ನು ಗುರುತಿಸಿದೆವು. ತೋಟವನ್ನು ಬೆಳೆಸಿದ್ದಾನೆ, ಮದುವೆಯಾಗಿ ಇಬ್ಬರು ಮಕ್ಕಳಿದ್ದಾರೆ, ತಾಯಿ ಇನ್ನೂ ಇದ್ದಾಳೆ. ಎಲ್ಲವನ್ನೂ ಹೇಳಿದ ಮೇಲೆ ನಾವೇ ಕೇಳಿದೆವು, ಕಾಲು ಹೇಗಿದೆಯೆಂದು.

“ನಡಿಯಾಕೆ ಏನೂ ಇಲ್ಲ ಸಾ. ಅಡಕಿ ಮರ ಹತ್ತಾಕಾಗಲ್ಲ ಅಷ್ಟೇ. ಕೊನೆ ಕೊಯ್ಯಾಕೆ ಆಳು ಕರೀತೀನಿ.”

ಇಪ್ಪತ್ತಮೂರು ವರುಷದಿಂದ ಹೇಳಬೇಕೆಂದಿದ್ದುದನ್ನು ಆಗ ಹೇಳಿದೆವು: ಅಂದು ನಿನ್ನನ್ನು ಓಡಿಸಿದ್ದು ನಮ್ಮ ತಪ್ಪು, ಅದಕ್ಕಾಗಿ ನಿನ್ನ ಕ್ಷಮೆಯನ್ನು ಬೇಡುತ್ತೇವೆ ಎಂದು. ಅವನಿಗೆ ಸಂಕೋಚವಾಯಿತು. ಆಚೀಚೆ ನೋಡಿ, “ಅಯ್ಯೋ ಬಿಡ್ರಿ ಸಾ. ನೀವು ಓಡು ಅಂದಿದ್ದಕ್ಕೆ ನಾನು ಓಡಿದ್ದಲ್ಲ. ನಂಗೇ ಓಡಬೇಕು ಅನ್ನಿಸಿತ್ತು. ನೀವು ಬ್ಯಾಡ ಅಂದಿದ್ರೆ ಜಗಳ ಆಡ್ತಿದ್ದೆ” ಎಂದ.

ನಮ್ಮನ್ನು ಸಮಾಧಾನಪಡಿಸಲೆಂದೇ ಅವನು ಆಡಿದ ಮಾತು ಅದು. ಆದರೆ ಗಾಡಿ ಹತ್ತಿ ಕುಳಿತು ಯೋಚಿಸಿದಷ್ಟೂ, ನಮ್ಮ ಕಸುಬಿನ ಅರ್ಥವೆಲ್ಲ ಆ ಮಾತಿನಲ್ಲಿಯೇ ಇದ್ದಿತು. ಇಪ್ಪತ್ತರ ಹುಡುಗನಿಗೆ ಓಡಬೇಕೆಂದು ಅನ್ನಿಸಿಯೇ ಅನ್ನಿಸುತ್ತದೆ. ಅದು ಅವನ ರಕ್ತದ ಗುಣ. ಓಡು ಎನ್ನಲು ಅವನಿಗೆ ಮೇಷ್ಟ್ರು ಬೇಕಿಲ್ಲ. ಸ್ನೇಹಿತರಿದ್ದಾರೆ, ಚಪ್ಪಾಳೆ ತಟ್ಟುವ ಜನರಿದ್ದಾರೆ. ಅವನು ಜಗಳವಾಡಿದರೂ ಸರಿಯೆ, ಬೇಡವೆನ್ನಲು ಒಬ್ಬನಿರಲೆಂದೇ ಕಾಲೇಜು ಮೇಷ್ಟ್ರಿಗೆ ಸಂಬಳ ಕೊಡುವುದು. ನಿಂತುಕೊಂಡವರಿಗೆ ಸಂಬಳವೇಕೆಂದು ನಮ್ಮ ಮನೆಯಾಕೆ ಕೇಳುತ್ತಿದ್ದುದಕ್ಕೆ ಉತ್ತರವು ಹೀಗೆ ದೊರೆಯಿತು. ಎಲ್ಲರೂ ಓಡುತ್ತಿರುವಾಗ ನಿಲ್ಲಬಲ್ಲವನೊಬ್ಬನು ಬೇಕು. ಒಂದು ದಿನ ನಾವೂ ಮನಸ್ಸಿನಲ್ಲಿ ಓಡಿಬಿಟ್ಟೆವು. ಅದೇ ನಮ್ಮ ತಪ್ಪು.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ಪ್ರಾರ್ಥನೆ ಇಷ್ಟೆ. ಮಕ್ಕಳನ್ನು ಮೈದಾನಕ್ಕೆ ಅವಶ್ಯವಾಗಿ ಕಳುಹಿಸಿ, ಹೆಣ್ಣುಮಕ್ಕಳನ್ನೂ ಕಳುಹಿಸಿ. ಆದರೆ ಕಲಿಸುವವರನ್ನು ಎಷ್ಟು ಪದಕ ತಂದಿದ್ದೀರೆಂದು ಕೇಳುವ ಮೊದಲು, ಕಳೆದ ವರುಷ ಎಷ್ಟು ಮಕ್ಕಳನ್ನು ಕೂರಿಸಿದಿರೆಂದು ಕೇಳಿ. ಅವರು ನಿಮ್ಮ ಮಗುವನ್ನು ಬೇಡವೆಂದ ದಿನ ಅವರ ಮೇಲೆ ಕೋಪಿಸಿಕೊಳ್ಳಬೇಡಿ. ಮಗುವು ಮನೆಗೆ ಬಂದು ಕಾಲು ನೋವೆಂದಾಗ ಸೋಮಾರಿತನವೆಂದು ಗದರಬೇಡಿ. ಯಾವ ಕಾಲು, ಎಲ್ಲಿ, ಎಂದಿನಿಂದ ಎಂದು ವಿಚಾರಿಸಿ.

ಈಗ ಬೆಳಗಿನ ಹೊತ್ತು ನಮ್ಮ ಊರಿನ ಶಾಲೆಯ ಬಯಲಿನಲ್ಲಿ ಏಳೆಂಟು ಮಕ್ಕಳಿಗೆ ಓಟವನ್ನು ಹೇಳಿಕೊಡುತ್ತೇವೆ. ಕಳೆದ ವರುಷ ಆ ತೋಟದವನು ಹತ್ತನೆಯ ತರಗತಿಯಲ್ಲಿ ಓದುವ ತನ್ನ ಮಗಳನ್ನು ಕರೆದುಕೊಂಡು ಬಂದು ನಿಂತ. “ಇವಳೂ ಓಡ್ತಾಳೆ ಸಾ. ನಿಮ್ಮ ಹತ್ರ ಬಿಡ್ತೀನಿ” ಎಂದ. ನಮಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಬೇರೆ ಯಾರ ಬಳಿಗಾದರೂ ಕಳುಹಿಸೆಂದು ಹೇಳಬೇಕೆಂದಿದ್ದೆವು. ಅವನು ನಮ್ಮ ಮುಖವನ್ನು ನೋಡಿ, “ನಿಮಗೇ ಗೊತ್ತಿರೋದು ಸಾ” ಎಂದ.

ಆ ಹುಡುಗಿಗೆ ನಾವು ಕಲಿಸಿದ ಮೊದಲನೆಯ ಪಾಠ ಓಡುವುದಲ್ಲ, ಕೈ ಎತ್ತುವುದು. ಎಲ್ಲಿಯಾದರೂ ಹಿಡಿದಂತಾದರೆ, ಯಾವ ಓಟದ ನಡುವೆಯಾದರೂ ಸರಿ, ಕೈ ಎತ್ತಿ ನಿಂತುಬಿಡು, ನಾವು ಬಯ್ಯುವುದಿಲ್ಲವೆಂದು ಹೇಳಿದೆವು. ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಎಲ್ಲರಿಗಿಂತ ಮುಂದೆ ಓಡುತ್ತಿದ್ದವಳು ತಿರುವಿನಲ್ಲಿ ವೇಗವನ್ನು ಇಳಿಸಿ ಕೈ ಎತ್ತಿದಳು. ಉಳಿದ ಮಕ್ಕಳು ಅವಳನ್ನು ದಾಟಿ ಹೋದರು. ಮೀನಖಂಡದಲ್ಲಿ ಸ್ವಲ್ಪ ಸೆಳೆತ, ಬೇರೇನೂ ಅಲ್ಲ. ಮೂರು ದಿನ ಕೂರಿಸಿದರೆ ಹೋಗತಕ್ಕದ್ದು. ನೋಟುಪುಸ್ತಕವನ್ನು ತೆಗೆದು ಅವಳ ಹೆಸರನ್ನು ಬರೆದೆವು. ತಲೆಯೆತ್ತಿ ನೋಡಿದಾಗ ಬೇಲಿಯ ಆಚೆ ಅವಳ ತಂದೆ ಸೈಕಲ್ಲನ್ನು ಹಿಡಿದು ನಿಂತಿದ್ದ. ಅವನು ಏನೂ ಹೇಳಲಿಲ್ಲ. ಮಗಳನ್ನು ಹಿಂದೆ ಕೂರಿಸಿಕೊಂಡು ಮೆಲ್ಲನೆ ತುಳಿಯುತ್ತ ಮನೆಯ ದಾರಿಯನ್ನು ಹಿಡಿದ.